ಐತವಾರ ನಾಲ್ಕಕ್ಕೆ ಗೌರಿಯ ಪಾಳಿ

ನನ್ನ ಮೇಜಿನ ಮೇಲಿರುವ ಪೆನ್ನಿನ ಡಬ್ಬಿಯಲ್ಲಿ ಒಂದು ತಿರುಪು ಇದೆ. ತಿರುಪು ಅಂದಕೂಡಲೇ ಬಾಗಿಲ ಚಿಲಕಕ್ಕೆ ಹಾಕುವ ತಿರುಪನ್ನು ನೆನಸಿಕೊಳ್ಳಬೇಡಿ. ಇದು ಸಾಸಿವೆ ಕಾಳಿಗಿಂತ ಚಿಕ್ಕದು. ಕನ್ನಡಕ ಏರಿಸಿ, ಉಸಿರು ಬಿಗಿ ಹಿಡಿದು ನೋಡಿದರೆ ಅದರ ತಲೆಯ ಮೇಲೆ ಕೂಡಿಸುವ ಲೆಕ್ಕದ ಗುರುತಿನಂಥ ಒಂದು ಗೀರು ಕಾಣುತ್ತದೆ. ಉಸಿರು ಬಿಟ್ಟಿರೋ, ತಿರುಪು ನಿಮ್ಮದಲ್ಲ. ಅದಕ್ಕೇ ಅದನ್ನು ಗುಳಿಗೆಯ ಖಾಲಿ ಪೊಟ್ಟಣದೊಳಗೆ ಸೇರಿಸಿ ಇಟ್ಟಿದ್ದೇನೆ. ನನ್ನ ಹೆಂಡತಿ ಸರೋಜಾ ಮೇಜು ಒರೆಸುವಾಗಲೆಲ್ಲ ಅದನ್ನೆತ್ತಿ ಬೆಳಕಿಗೆ ಹಿಡಿದು, "ಇದು ಇಲ್ಲದನ ಆ ಫೋನು ನಡದೈತಿ ಅಂದ್ರ, ಮೊದಲ ಇದನ್ನ ಯಾಕ ಹಾಕಿದ್ರು ಅಂತೇನಿ?" ಎಂದು ಕೇಳುತ್ತಾಳೆ. ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತನಾದ ನಾನು ಅದನ್ನು ಅವಳ ಕೈಯಿಂದ ಇಸಿದುಕೊಂಡು ಮತ್ತೆ ಡಬ್ಬಿಗೆ ಹಾಕುತ್ತೇನೆ.

ಆ ಫೋನು ನನ್ನ ತಂಗಿ ಗೌರಿಯದು. ನಾನು ಬ್ಯಾಡಗಿಯಲ್ಲಿದ್ದೇನೆ, ಅವಳು ರಾಣೆಬೆನ್ನೂರಿನಲ್ಲಿ. ಇಬ್ಬರೂ ಹುಟ್ಟಿ ಬೆಳೆದದ್ದು ಕರ್ಜಗಿಯಲ್ಲಿ. ಗೌರಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ನನಗೆ ಹುಟ್ಟಿದಾಗಿನಿಂದ ಬಾಯಿ ನಿಲ್ಲುವುದಿಲ್ಲ. ಶಾಲೆಯ ಗಂಟೆ ಬಾರಿಸಿ ಹುಡುಗರೆಲ್ಲ ಮನೆಗೆ ಹೋದ ಮೇಲೂ ನನ್ನ ಪಾಠ ನಡೆದಿರುತ್ತಿತ್ತು ಎಂದು ನನ್ನ ಜೊತೆಯ ಮಾಸ್ತರರು ಹೇಳುತ್ತಿದ್ದರು. ಅದು ಸುಳ್ಳು. ಒಂದಿಬ್ಬರು ಹುಡುಗರು ಕುಳಿತೇ ಇರುತ್ತಿದ್ದರು. ಈಗಲೂ ನಮ್ಮ ಕಡೆ ಮದುವೆಯಿರಲಿ, ನಿವೃತ್ತಿಯಿರಲಿ, ಮೈಕು ಹಿಡಿಯಲು ನನ್ನನ್ನೇ ಕರೆಯುತ್ತಾರೆ. ಮೈಕು ಬಿಡಿಸಿಕೊಳ್ಳಲು ಮಾತ್ರ ಇಬ್ಬರು ಬೇಕಾಗುತ್ತದೆ.

ಚಿಕ್ಕಂದಿನಲ್ಲಿ ಗೌರಿಯನ್ನು ಶಾಲೆಗೆ ಹಾಕುವವರು ಯಾರಿದ್ದರು? ನಾಲ್ಕು ಅಕ್ಷರ ತೀಡಿ ಹೆಸರು ಬರೆಯುವಷ್ಟು ನಾನೇ ಕಲಿಸಿದೆ. ಉಳಿದಿದ್ದಕ್ಕೆಲ್ಲ ನಾವಿಬ್ಬರೂ ಸೇರಿ ಒಂದು ಕೈಮಾತು ಕಟ್ಟಿಕೊಂಡೆವು. ಅಪ್ಪ ಅಂದರೆ ಮೀಸೆ ತಿರುವುವುದು, ಅವ್ವ ಅಂದರೆ ಮೂಗುತಿ ಮುಟ್ಟುವುದು, ರೊಟ್ಟಿ ಅಂದರೆ ಅಂಗೈ ಮೇಲೆ ಅಂಗೈ ತಟ್ಟುವುದು. ನನ್ನ ಹೆಸರನ್ನು ಗೌರಿಯೇ ಇಟ್ಟಳು. ನಾಲ್ಕು ಬೆರಳು ಕೂಡಿಸಿ ಹೆಬ್ಬೆರಳಿಗೆ ಪಟಪಟನೆ ಬಡಿದರೆ ನಾನು. ಆಗ ಅವಳಿಗೆ ಐದು ವರ್ಷ. ಕಿವಿ ಕೇಳದಿದ್ದರೂ ಮನೆಯಲ್ಲಿ ಯಾರ ಬಾಯಿ ದೊಡ್ಡದು ಅನ್ನುವುದು ಅವಳಿಗೆ ಆಗಲೇ ಗೊತ್ತಾಗಿತ್ತು.

ಊರುಗಳಿಗೆ ಹೆಸರಿಡುವ ಕಾರಭಾರ ನನ್ನದು. ಹಾವೇರಿಗೆ ಹಾವಿನ ಹೆಡೆ. ಕದರಮಂಡಲಗಿಯಲ್ಲಿ ಹನುಮಪ್ಪನ ಗುಡಿ ಇದೆಯಲ್ಲ, ಅದಕ್ಕೆ ಗಲ್ಲ ಉಬ್ಬಿಸುವುದು. ಬ್ಯಾಡಗಿಗೆ ಮೂಗು ಮೇಲೆತ್ತಿ ಸೀನುವುದು. ಇಷ್ಟೆಲ್ಲ ಸರಿ. ರಾಣೆಬೆನ್ನೂರಿಗೆ ಬಂದಾಗ ನನ್ನ ಜಾಣತನ ಉಕ್ಕಿಬಂತು. ತಲೆಯ ಮೇಲೆ ಕಿರೀಟ ಇಟ್ಟಂತೆ ಮಾಡಿ, ಆಮೇಲೆ ಬೆನ್ನು ತಟ್ಟಿ ತೋರಿಸಿದೆ. ರಾಣಿ, ಬೆನ್ನು. ನನಗೆ ನಾನೇ ಶಾಭಾಶ್ ಅಂದುಕೊಂಡೆ. ಶಬ್ದದ ಈ ಆಟ ಶಬ್ದವನ್ನೇ ಕೇಳದವಳಿಗೆ ಹೇಗೆ ತಿಳಿಯಬೇಕು ಅನ್ನುವುದು ಹತ್ತು ವರ್ಷದ ನನ್ನ ತಲೆಗೆ ಹೊಳೆಯಲಿಲ್ಲ. ಮುಂದೆ ಇಪ್ಪತ್ತೈದು ವರ್ಷದವನಾಗಿ, ಗೌರಿಗೆ ರಾಣೆಬೆನ್ನೂರಿನ ಬಸಣ್ಣನ ಜೊತೆ ಲಗ್ನ ಗೊತ್ತಾದಾಗಲೂ ಹೊಳೆಯಲಿಲ್ಲ. ಯಾವ ಊರು ಎಂದು ಅವಳು ಕೇಳಿದಳು. ನಾನು ಕಿರೀಟ ಇಟ್ಟು ಬೆನ್ನು ತಟ್ಟಿದೆ. ಅವಳ ಮುಖ ಅರಳಿತು. ಹುಡುಗಿ ಎಷ್ಟು ಖುಷಿಯಿಂದ ಒಪ್ಪಿದಳು ಎಂದು ಅವ್ವ ಕಣ್ಣು ಒರೆಸಿಕೊಂಡಳು.

ಲಗ್ನವಾಗಿ ಏಳೆಂಟು ವರ್ಷದ ಮೇಲೆ ಗೌರಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಆ ಗುರುತಿನ ಅರ್ಥ ಕೇಳಿದಳು. ಆ ಊರಿನಲ್ಲಿ ಹೆಣ್ಣುಮಕ್ಕಳನ್ನು ರಾಣಿಯ ಹಾಗೆ ಇಟ್ಟುಕೊಂಡು ದಿನಾ ಬೆನ್ನು ಚಪ್ಪರಿಸುತ್ತಾರೆ ಎಂದು ಅವಳು ತಿಳಿದುಕೊಂಡಿದ್ದಳಂತೆ! ತಲೆಯ ಮೇಲಿನ ಕಿರೀಟ ತೆಗೆದು ಆಚೆ ಒಗೆದಂತೆ ಮಾಡಿದಳು. ಆಮೇಲೆ ಬೆಳೆಗೆ ಔಷಧಿ ಹೊಡೆಯುವ ಡಬ್ಬಿಯನ್ನು ಬೆನ್ನ ಮೇಲೆ ಹೊತ್ತುಕೊಂಡಂತೆ ಬಾಗಿ, ಬೆನ್ನು ತಟ್ಟಿ, ಇದಷ್ಟು ಖರೇ ಆಯಿತು ಎಂದು ತಲೆಯಾಡಿಸಿದಳು. ನಕ್ಕಿದ್ದೇನೋ ಹೌದು, ಇಬ್ಬರೂ ನಕ್ಕೆವು. ಆದರೆ ಅವತ್ತು ನನಗೆ ಊಟ ಸೇರಲಿಲ್ಲ.

ಅಂಥ ನಮಗೆ ಮುಖ ನೋಡಿ ಮಾತಾಡುವ ಫೋನು ಬಂದದ್ದು ದೊಡ್ಡ ಭಾಗ್ಯ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಗೌರಿಯ ಮುಖ ನನ್ನ ಫೋನಿನಲ್ಲಿ ಮೂಡುತ್ತಿತ್ತು. ಏನು ಅಡಿಗೆ, ಮೊಣಕಾಲು ಹೇಗಿದೆ, ಬಸಣ್ಣ ಏನು ತಪ್ಪು ಮಾಡಿದ ಎಲ್ಲವೂ ಬೆರಳ ತುದಿಯಲ್ಲಿ. ನಿಮ್ಮ ಫೋನಿನ ಗಾಜು ಒಡೆದರೆ ಹೇಗೋ ಒತ್ತಾಡಿ 'ಹಲೋ' ಅನ್ನಬಹುದು. ಗೌರಿಗೆ ಆ ಗಾಜೇ ಕಿವಿ, ಆ ಗಾಜೇ ಬಾಯಿ.

ಅದು ಒಡೆದ ಸುದ್ದಿ ಒಂದು ಗುರುವಾರ ಬಸಣ್ಣನಿಂದ ಬಂತು. ಅವನದು ಗುಂಡಿ ಒತ್ತುವ ಹಳೇ ಫೋನು. "ಮಾಸ್ತರ್ರೀ, ನಿಮ್ಮ ತಂಗಿ ಫೋನು ಹೊಲದಾಗ ಕಲ್ಲಿನಮ್ಯಾಲ ಬಿತ್ರಿ. ಎಲ್ಲಾ ಕರ್ರಗಾಗೇತಿ. ಆಕಿ ಮುಂಜಾನಿಂದ ಉಂಡಿಲ್ಲ. ಐತವಾರ ನಾಕಕ್ಕ ಆಕಿ ಪಾಳಿ ಐತಂತ, ನಾಕು ಬೆರಳು ಎತ್ತಿ ಎತ್ತಿ ನನ್ನ ಜೀವಾ ತಿನ್ನಾಕತ್ತಾಳ. ನೀವ ಬರ್ರಿ."

ಈ ಪಾಳಿಯ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ಹಾವೇರಿಯಲ್ಲಿ ಕಿವಿ ಕೇಳದ ಹೆಣ್ಣುಮಕ್ಕಳಿಗೆಂದು ಕೆಲವು ದಿನ ಹೊಲಿಗೆ ಕಲಿಸಿದರು. ಗೌರಿ ಹೊಲಿಗೆಯನ್ನು ಅಷ್ಟಕ್ಕಷ್ಟೇ ಕಲಿತಳು. ಆದರೆ ಅಲ್ಲಿ ಅವಳಿಗೆ ಆರು ಮಂದಿ ಗೆಳತಿಯರು ಸಿಕ್ಕರು. ಅವರೆಲ್ಲ ಕಿವುಡರ ಶಾಲೆಯಲ್ಲಿ ಓದಿದವರು, ನಾಡಿನಲ್ಲೆಲ್ಲ ನಡೆಯುವ ನಿಜವಾದ ಕೈಭಾಷೆ ಬಲ್ಲವರು. ಅದನ್ನು ಗೌರಿಗೂ ಕಲಿಸಿದರು. ಅವತ್ತಿನಿಂದ ಪ್ರತಿ ಐತವಾರ ನಾಲ್ಕಕ್ಕೆ ಏಳೂ ಜನ ಫೋನಿನಲ್ಲಿ ಸೇರುತ್ತಾರೆ. ವಾರಕ್ಕೊಬ್ಬರ ಪಾಳಿ. ಪಾಳಿ ಯಾರದೋ ಅವರು ಮಾತಾಡಬೇಕು, ಉಳಿದವರು ಕೇಳಬೇಕು, ಅಂದರೆ ನೋಡಬೇಕು. ಗೌರಿ ಎರಡು ವರ್ಷದಿಂದ ನೋಡುತ್ತಲೇ ಇದ್ದಳು. ಭಾಷೆ ಇನ್ನೂ ಕುದುರಿಲ್ಲ ಎಂದು ತನ್ನ ಪಾಳಿಯನ್ನು ಮುಂದೂಡುತ್ತಾ ಬಂದಿದ್ದಳು. ಈ ಐತವಾರ ಒಪ್ಪಿಕೊಂಡಿದ್ದಳು. ಐವತ್ತೈದು ವರ್ಷದ ಹೆಣ್ಣುಮಗಳು, ನಾಲ್ಕು ಜನ ಕೂಡಿದಲ್ಲಿ ಮೊದಲ ಸಲ ಮಾತಾಡುವವಳಿದ್ದಳು.

ಏಳು ಮೂಕ ಹೆಂಗಸರು ಕೂಡಿ ಒಂದು ತಾಸು ಏನು ಮಾತಾಡುತ್ತಾರೆ ಎಂದು ನಾನು ಸರೋಜಾಳ ಮುಂದೆ ಚೇಷ್ಟೆ ಮಾಡಿದ್ದುಂಟು. ಒಳಗೊಳಗೇ ಸ್ವಲ್ಪ ಉರಿಯುತ್ತಿತ್ತು ಅನ್ನುವುದನ್ನು ನಿಮ್ಮ ಮುಂದೆ ಒಪ್ಪಿಕೊಂಡುಬಿಡುತ್ತೇನೆ. ಅವಳ ಮಾತೆಲ್ಲ ನನ್ನ ಮೂಲಕವೇ ಹೋಗಬೇಕು ಅನ್ನುವ ರೂಢಿ ಬಿದ್ದಿತ್ತು ನೋಡಿ.

ಶುಕ್ರವಾರ ಹೋದೆ. ಐತವಾರ ನನ್ನ ಫೋನು ತೆಗೆದುಕೋ ಎಂದು ಮೊದಲು ಅದನ್ನೇ ಚಾಚಿದೆ. ಗೌರಿ ನನ್ನ ಕೈ ಹಿಂದಕ್ಕೆ ತಳ್ಳಿದಳು. ಅವಳು ಬೀಜದ ಹೊಲದಲ್ಲಿ ಹೂವಿಗೆ ಹೂವಿನ ಪರಾಗ ಮುಟ್ಟಿಸುವ ಕೆಲಸಕ್ಕೆ ಹೋಗುತ್ತಾಳೆ, ನಮ್ಮ ಕಡೆ ಅದಕ್ಕೆ 'ಕ್ರಾಸಿಂಗ್' ಅನ್ನುತ್ತಾರೆ. ಆ ಕೆಲಸದ ಬಗ್ಗೆಯೇ ಮಾತಾಡಬೇಕೆಂದು ಮೂರು ತಿಂಗಳಿಂದ ಮೊಗ್ಗು, ಹೂವು, ಕಾಯಿಗಳ ಫೋಟೋ ತೆಗೆದು ಇಟ್ಟುಕೊಂಡಿದ್ದಳು. ಎಲ್ಲವೂ ಆ ಕರ್ರಗಾದ ಗಾಜಿನ ಹಿಂದೆ ಇದ್ದವು. ತನ್ನ ಎದೆ ಮುಟ್ಟಿ, ಫೋನು ಮುಟ್ಟಿ, ಮತ್ತೆ ಎದೆ ಮುಟ್ಟಿದಳು. ಪಾಳಿ ನನ್ನದು, ಫೋನೂ ನನ್ನದೇ ಬೇಕು.

ಇಬ್ಬರೂ ಪೇಟೆಯ ಅಂಗಡಿಗೆ ಹೋದೆವು. ಅಂಗಡಿಯವ ಫೋನು ಅಲ್ಲಾಡಿಸಿ ನೋಡಿ ನನ್ನ ಮುಖ ನೋಡಿದ. "ಈ ಮಾಡೆಲ್ಲಿಂದು ಡಿಸ್‌ಪ್ಲೇ ಇಲ್ರಿ. ಬಿಟ್ಟ ಹೋಗ್ರಿ, ಮಂಗಳವಾರ ಬರ್ರಿ. ಲಾಕ್ ಏನೈತಿ ಅಂತ ಅವ್ರನ್ನ ಕೇಳ್ರಿ."

"ಇಲ್ಲೇ ನಿಂತಾಳಲ್ಲಪಾ" ಎಂದೆ ನಾನು.

"ಹೌದ್ರಿ, ಅವ್ರನ್ನ ಕೇಳ್ರಿ" ಎಂದ ಅವನು, ಮತ್ತೆ ನನ್ನನ್ನೇ ನೋಡುತ್ತ.

ಗೌರಿ ಅವನ ಕೈಯಿಂದ ಫೋನು ಕಸಿದುಕೊಂಡು, ಸೆರಗಿನಲ್ಲಿ ಸುತ್ತಿ, ಮೆಟ್ಟಿಲಿಳಿದು ನಡೆದೇಬಿಟ್ಟಳು. ಹಿಂದೆ ಓಡಿದವ ನಾನು. ರಸ್ತೆಯ ನಡುವೆ ಅವಳನ್ನು ತಡೆದು, ಏನು ತಿಳಿಯಿತೋ ಕಾಣೆ, ಎದೆ ಬಡಿದುಕೊಂಡು ಹೊಸ ಗಾಜು ನಾನೇ ಹಾಕಿಕೊಡುತ್ತೇನೆ ಎಂದುಬಿಟ್ಟೆ. ಗೌರಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಎರಡೂ ಕೈ ಕಿವಿಯ ಹತ್ತಿರ ಒಯ್ದು ಗಡಗಡ ನಡುಗಿಸಿದಳು.

ಅದು ನಮ್ಮಪ್ಪನ ಅಲಾರಂ ಗಡಿಯಾರ. ಏಳನೆಯ ಇಯತ್ತೆಯಲ್ಲಿದ್ದಾಗ ನಾನು ಅದನ್ನು ಬಿಚ್ಚಿ ಮತ್ತೆ ಕೂಡಿಸಿದ್ದೆ. ಅಲ್ಲಿಂದ ಮುಂದೆ ಅದು ಸಮಯವನ್ನು ಸರಿಯಾಗಿಯೇ ತೋರಿಸುತ್ತಿತ್ತು, ಬಾರಿಸುವುದು ಮಾತ್ರ ತನ್ನ ಮನಸ್ಸಿಗೆ ಬಂದಾಗ. ಅಪ್ಪ ಪೂಜೆಗೆ ಕುಳಿತಾಗ ಒಮ್ಮೆ, ಬೀಗರು ಚಹಾದ ಬಶಿ ಬಾಯಿಗೆ ಹಚ್ಚಿದಾಗ ಒಮ್ಮೆ. ಗೌರಿಗೆ ಗಂಟೆಯ ಸದ್ದು ಗೊತ್ತಿಲ್ಲ. ಆರಾಮ ಕುಳಿತ ಮಂದಿ ಯಾವ ಕಾರಣವೂ ಇಲ್ಲದೆ ಒಮ್ಮೆಲೇ ಹೌಹಾರಿ ಎದ್ದು ನಿಲ್ಲುವುದಷ್ಟೇ ಅವಳಿಗೆ ಕಾಣುತ್ತಿತ್ತು. ಅವಳು ನೆಲದ ಮೇಲೆ ಹೊರಳಾಡಿ ನಗುತ್ತಿದ್ದಳು. ಆ ಗಡಿಯಾರದಿಂದ ನಮ್ಮ ಮನೆಯಲ್ಲಿ ಸುಖಪಟ್ಟವಳು ಅವಳೊಬ್ಬಳೇ.

ಶನಿವಾರ ಹಾವೇರಿಗೆ ಹೋಗಿ ನಾಲ್ಕು ಅಂಗಡಿ ತಿರುಗಿ ಹೊಸ ಡಿಸ್‌ಪ್ಲೇ ತಂದೆ. ಜೊತೆಗೆ ಪುಟ್ಟ ತಿರುಪುಳಿ, ಚಿಮಟ, ಗಾಜು ಎಬ್ಬಿಸುವ ಪ್ಲಾಸ್ಟಿಕ್ ಚೀಟಿ, ಅಂಟು. "ಹಾಕಾಕ ಬರತೈತೇನ್ರಿ ನಿಮಗ?" ಎಂದು ಅಂಗಡಿಯವ ಅನುಮಾನಿಸಿದ.

"ಮೂವತ್ತೈದು ವರ್ಷ ಹುಡುಗರ ತಲಿ ಬಿಚ್ಚಿ ಬಿಚ್ಚಿ ತುಂಬೇನಿ. ಇದೇನು ಮಹಾ?"

"ತಲಿ ಒಳಗ ತಿರುಪು ಇರೂದಿಲ್ರಿ, ಸರ" ಎಂದ ಅವನು.

ಮನೆಗೆ ಬಂದು ಡಿಸ್‌ಪ್ಲೇ ಬದಲಿಸುವ ವಿಡಿಯೋವನ್ನು ಹತ್ತು ಸಲವಾದರೂ ನೋಡಿದೆ. ಒಬ್ಬ ತರುಣ ಹಿಂದಿಯಲ್ಲಿ ಬಲು ಚಂದ ವಿವರಿಸುತ್ತಿದ್ದ. ಅದನ್ನು ಶುಕ್ರವಾರ ಅಂಗಡಿಯಿಂದ ಮರಳಿದ ಮೇಲೆ ಗೌರಿಯೂ ನನ್ನ ಫೋನಿನಲ್ಲಿ ಒಂದು ಸಲ ನೋಡಿದ್ದಳು, ಬಿಡಿ, ಅವಳಿಗೆ ಹಿಂದಿ ಎಲ್ಲಿ ತಿಳಿಯಬೇಕು. ಸರೋಜಾ ಬಾಗಿಲಲ್ಲಿ ನಿಂತು ನನ್ನ ಸಿದ್ಧತೆ ನೋಡುತ್ತಿದ್ದಳು. "ಬಚ್ಚಲದಾಗಿನ ನಳಾ ಸೋರಾಕತ್ತು ಆರ ತಿಂಗಳಾತು. ಅದಕ್ಕೂ ಯಾರರೆ ಹಿಂದಿಯೊಳಗ ಹೇಳಬೇಕೇನು?" ಎಂದಳು. ದೊಡ್ಡ ಕೆಲಸಕ್ಕೆ ಹೊರಟವನು ಇಂಥ ಮಾತಿಗೆ ಕಿವಿಗೊಡಬಾರದು.

ಐತವಾರ ಮುಂಜಾನೆ ಬಸ್ಸು ಹತ್ತಿದೆ. ಹೊಸ ಗಾಜಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದೆ. ಕದರಮಂಡಲಗಿ ಬಂದಾಗ ಬಸ್ಸಿನಲ್ಲಿದ್ದವರೆಲ್ಲ ಗುಡಿಯ ಕಡೆ ಕೈ ಮುಗಿದರು. ನನಗೆ ಕೈ ಬಿಡುವಂತಿರಲಿಲ್ಲ. ಕುಳಿತಲ್ಲೇ, ಗುಡ್ಡ ಹೊತ್ತು ತಂದವನೇ, ಒಂದು ಗಾಜು ಸುರಳೀತ ಮುಟ್ಟಿಸಪ್ಪಾ ಎಂದು ಬೇಡಿಕೊಂಡೆ. ಹನುಮಪ್ಪ ಗಾಜನ್ನು ಮುಟ್ಟಿಸಿದ. ಉಳಿದದ್ದು ನನ್ನ ಕರ್ಮ.

ಏನಾಗಿತ್ತೆಂದರೆ, ಬ್ಯಾಡಗಿಯವರು ಯಾರ ಮನೆಗೆ ಹೋದರೂ ಮೆಣಸಿನಪುಡಿ ಒಯ್ಯದೆ ಹೋಗುವುದಿಲ್ಲ. ಸರೋಜಾ ಅದೇ ವಾರ ಕುಟ್ಟಿಸಿದ್ದ ಪುಡಿಯನ್ನು ಗೌರಿಗೆಂದು ಕಟ್ಟಿಕೊಟ್ಟಿದ್ದಳು. "ಬ್ಯಾರೆ ಚೀಲದಾಗ ಇಡ್ರಿ" ಎಂದೂ ಹೇಳಿದ್ದಳು. ಎರಡೆರಡು ಚೀಲ ಯಾರು ಹಿಡಿಯಬೇಕೆಂದು ನಾನು ಅದನ್ನು ಸಲಕರಣೆಯ ಚೀಲದಲ್ಲೇ ತುರುಕಿದ್ದೆ.

ಮುಟ್ಟಿದಾಗ ಹನ್ನೆರಡು ಹೊಡೆದಿತ್ತು. ಬಸಣ್ಣ ಹೊಲಕ್ಕೆ ಹೋಗಿದ್ದ. ಗೌರಿ ಬಾಗಿಲ ಬೆಳಕಿಗೆ ಕೌದಿ ಹಾಸಿ, ಅದರ ಮೇಲೆ ಬಿಳಿ ಪಂಜೆ ಹಾಸಿ, ಎದುರಿಗೆ ಕುಳಿತಳು. ಉಪ್ಪು ಹುರಿದು ಗಂಟು ಕಟ್ಟಿಸಿದೆ. ನೋಯುವ ಮೊಣಕಾಲಿಗೆ ಕಾಸುತ್ತೇವಲ್ಲ, ಅದೇ ಗಂಟು. ವಿಡಿಯೋದ ತರುಣನ ಹತ್ತಿರ ಬಿಸಿಗಾಳಿಯ ಯಂತ್ರವಿತ್ತು, ನಮ್ಮ ಹತ್ತಿರ ಉಪ್ಪಿತ್ತು. ಅಂಚಿಗೆ ಮೆಲ್ಲಗೆ ಕಾಸಿ, ಪ್ಲಾಸ್ಟಿಕ್ ಚೀಟಿ ತೂರಿಸಿ ಎಬ್ಬಿಸಿದರೆ, ಅಹಾ, ಹಿಂದಿನ ಮುಚ್ಚಳ ಬಂದೇಬಂತು! ನಾನು ಸಭೆಯನ್ನು ನೋಡುವಂತೆ ಗೌರಿಯನ್ನು ನೋಡಿದೆ. ಅವಳು ಮುಂದೆ ಮಾಡು ಎಂದು ಬೆರಳು ತೋರಿಸಿದಳು.

ಒಂದೊಂದೇ ತಿರುಪು ಬಿಚ್ಚಿ ಪಂಜೆಯ ಮೇಲೆ ಸಾಲಾಗಿ ಇಟ್ಟೆ. ಹನ್ನೊಂದು. ಕೊನೆಯದನ್ನು ಇಡಲು ಬಾಗಿದೆ. ಬೆರಳಿಗೆ, ತಿರುಪುಳಿಗೆ ಕೆಂಪಗೆ ಏನೋ ಹತ್ತಿದೆ ಎಂದು ಆಗಲಾದರೂ ನೋಡಬೇಡವೇ? ಮೂಗು ತುರಿಸಿತು, ತಿಕ್ಕಿದೆ. ಆಮೇಲೆ ಬಂದದ್ದು ಅಂತಿಂಥ ಸೀನಲ್ಲ. ಕಣ್ಣು ಬಿಟ್ಟಾಗ ಪಂಜೆಯ ಮೇಲೆ ಒಂದು ತಿರುಪೂ ಇರಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ಅದೇ ಬೆರಳಿನಿಂದ ಒರೆಸಿಕೊಂಡೆ.

ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ ಎಂದು ನಾನು ಎಷ್ಟೋ ಸಭೆಗಳಲ್ಲಿ ಮೈಕು ಹಿಡಿದು ಸಾರಿದ್ದೇನೆ. ಆ ಎಲ್ಲ ಸಭೆಗಳ ಕ್ಷಮೆ ಕೇಳುತ್ತೇನೆ. "ಅಯ್ಯಯ್ಯೋ ಸತ್ತೆ! ಗೌರೀ, ನೀರು! ನೀರು!" ಎಂದು ಕೂಗಿದೆ. ಕೂಗಿ ಏನು ಪ್ರಯೋಜನ? ಆದರೆ ಅವಳು ಆಗಲೇ ನನ್ನ ರಟ್ಟೆ ಹಿಡಿದು ಬಚ್ಚಲಿಗೆ ಎಳೆದೊಯ್ಯುತ್ತಿದ್ದಳು. ಕೈಗೆ ಎಣ್ಣೆ ಹಚ್ಚಿ ತಿಕ್ಕಿ, ಸೋಪು ಹಾಕಿ ತೊಳೆದು, ತಂಬಿಗೆ ತಂಬಿಗೆ ನೀರು ಕಣ್ಣಿಗೆ ಹೊಯ್ದಳು. ಆಮೇಲೆ ಹೊರಸಿನ ಮೇಲೆ ಮಲಗಿಸಿ, ಒದ್ದೆ ಅರಿವೆಯನ್ನು ಕಣ್ಣ ಮೇಲೆ ಹಾಕಿದಳು.

ಈಗ ನಮ್ಮ ಪರಿಸ್ಥಿತಿ ಸ್ವಲ್ಪ ವಿಚಾರ ಮಾಡಿ. ನನಗೆ ಕಣ್ಣು ಕಾಣುವುದಿಲ್ಲ, ಅವಳಿಗೆ ಕಿವಿ ಕೇಳುವುದಿಲ್ಲ. ಅವಳ ಕೈ ನನಗೆ ಕಾಣದು, ನನ್ನ ಬಾಯಿ ಅವಳಿಗೆ ಕೇಳದು. ಫೋನು ಹೊಟ್ಟೆ ಬಿಚ್ಚಿಕೊಂಡು ಬಿದ್ದಿದೆ. ನಾಲ್ಕಕ್ಕೆ ಅವಳ ಪಾಳಿ. ಮೊಟ್ಟಮೊದಲ ಪಾಳಿ, ಅದನ್ನು ನಾನು ಸೀನಿ ಹಾರಿಸಿದ್ದೆ. ಅಂಗಡಿಯವನಾದರೂ ಮಂಗಳವಾರಕ್ಕೆ ಕೊಡುತ್ತಿದ್ದ. ಕಣ್ಣು ಉರಿದದ್ದು ಕಡಿಮೆ, ಹೊಟ್ಟೆ ಉರಿದದ್ದು ಹೆಚ್ಚು.

ಸ್ವಲ್ಪ ಹೊತ್ತಿನ ಮೇಲೆ ಕೌದಿಯ ಕಡೆಯಿಂದ ಬಳೆಯ ಸದ್ದು ಬಂತು. ಕಸಬರಿಗೆಯ ಸದ್ದು. ತಟ್ಟೆಯೊಳಗೆ ಟಿಣ್ ಎಂದು ಒಂದು, ಮತ್ತೊಂದು. ತಿರುಪು ಆರಿಸುತ್ತಿದ್ದಾಳೆ! ಆಮೇಲೆ ತಗಡಿನ ಡಬ್ಬಿ ತೆರೆದ ಸದ್ದು. ಆ ಡಬ್ಬಿ ನನಗೆ ಗೊತ್ತು. ಅದರಲ್ಲಿ ಅವಳ ಕ್ರಾಸಿಂಗ್ ಚಿಮಟ ಇರುತ್ತದೆ.

ರಾಣೆಬೆನ್ನೂರಿನ ಬೀಜದ ಹೊಲಗಳನ್ನು ನೀವು ನೋಡಿರಬಹುದು. ನಾಳೆ ಅರಳಬೇಕಾದ ಮೊಗ್ಗನ್ನು ಇವತ್ತೇ ಚಿಮಟದಿಂದ ಬಿಡಿಸಿ, ಒಳಗಿನ ಗಂಡು ಕೇಸರಗಳನ್ನಷ್ಟೇ ಕಿತ್ತು, ನಡುವಿನ ಕಡ್ಡಿಗೆ ಒಂದು ಗೀರೂ ತಾಗದಂತೆ ಬಿಡಬೇಕು. ಮರುದಿನ ಬೇರೆ ಗಿಡದ ಪರಾಗ ಅದಕ್ಕೆ ಮುಟ್ಟಿಸಿ, ಗುರುತಿಗೆ ದಾರ ಕಟ್ಟಬೇಕು. ಕಡ್ಡಿಗೆ ಚಿಮಟ ತಾಗಿತೋ, ಕಾಯಿ ಇಲ್ಲ. ಗೌರಿ ಇದನ್ನು ಇಪ್ಪತ್ತು ವರ್ಷದಿಂದ ಮಾಡುತ್ತಿದ್ದಾಳೆ. ನಾನು ಒಂದು ಸಲ ಹೊಲಕ್ಕೆ ಹೋಗಿ, ಇದೇನು ಮಹಾ ಎಂದು ಒಂದು ಮೊಗ್ಗು ಬಿಡಿಸಹೋಗಿ, ಟೊಂಗೆಯನ್ನೇ ಮುರಿದು ಬಂದಿದ್ದೆ.

ಅಷ್ಟೆಲ್ಲ ಗೊತ್ತಿದ್ದೂ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಬ್ಯಾಟ್ರಿ ಮೊದಲ ಬಿಡಸ, ಗೌರಿ! ಪಟ್ಟಿ ಜಗ್ಗಬ್ಯಾಡ, ಮ್ಯಾಲ ಎತ್ತು! ಮ್ಯಾಲ!" ಎಂದು ಹೊರಸಿನ ಮೇಲಿಂದ ಕೈ ಬೀಸಿ ಒದರಿದೆ. ಬಳೆಯ ಸದ್ದು ನಿಂತಿತು. ಹೆಜ್ಜೆ ಹತ್ತಿರ ಬಂತು. ಅವಳ ಬೆರಳು ನನ್ನ ಅಂಗೈ ಮೇಲೆ ಎರಡು ಸಲ ಬಡಿಯಿತು.

ಕರ್ಜಗಿಯಲ್ಲಿ ಚಿಮಣಿ ಆರಿದಾಗ ಗೌರಿ ಅಂಜುತ್ತಿದ್ದಳು. ಕತ್ತಲಾಯಿತೆಂದರೆ ಅವಳ ಪಾಲಿಗೆ ಮಾತೂ ಹೋಯಿತು. ಆಗ ನಾನು ಅವಳ ಅಂಗೈ ಮೇಲೆ ಬೆರಳು ಬಡಿಯುತ್ತಿದ್ದೆ. ಒಂದು ಸಲ ಬಡಿದರೆ, ಇದ್ದೇನೆ. ಎರಡು ಸಲ ಬಡಿದರೆ, ಸುಮ್ಮನಿರು.

ಸುಮ್ಮನಾದೆ. ಎಚ್ಚರಿದ್ದೂ ಅಷ್ಟು ಹೊತ್ತು ಸುಮ್ಮನಿದ್ದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಮಾತು ನಿಂತಾಗ ಎಷ್ಟೆಲ್ಲ ಕೇಳುತ್ತದೆ! ಚಿಮಟ ತಟ್ಟೆಗೆ ತಾಗಿದ್ದು. ಅವಳು ಉಸಿರು ಹಿಡಿದದ್ದು, ಬಿಟ್ಟದ್ದು. ಕೆಲಸದಲ್ಲಿ ಮುಳುಗಿದಾಗ ಅವಳ ಗಂಟಲಿನಿಂದ ಹೂಂ ಎಂದು ಒಂದು ಸಣ್ಣ ರಾಗ ಹೊರಡುತ್ತದೆ. ಅದು ಹೊರಡುತ್ತದೆ ಎಂದು ಅವಳಿಗೆ ಗೊತ್ತಿಲ್ಲ, ಇಷ್ಟು ವರ್ಷ ನನಗೂ ಗೊತ್ತಿರಲಿಲ್ಲ. ಆ ವಿಡಿಯೋವನ್ನು ನಾನು ಹತ್ತು ಸಲ ಕೇಳಿದ್ದೆ. ಅವಳು ಒಂದೇ ಸಲ ನೋಡಿದ್ದಳು. ವ್ಯತ್ಯಾಸ ಹೊರಸಿನ ಮೇಲೆ ಮಲಗಿ ಯೋಚಿಸಿದಾಗ ತಿಳಿಯಿತು.

ಅರಿವೆ ಸರಿಸಿ ಒಂದು ಕಣ್ಣು ತೆರೆದಾಗ ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಹೊಸ ಗಾಜು ಕೂತಿತ್ತು. ಗೌರಿ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದಿದ್ದಳು. ಏನೂ ಆಗಲಿಲ್ಲ. ಮತ್ತೆ ಒತ್ತಿದಳು. ಗಾಜು ಬಾವಿಯ ಹಾಗೆ ಕಪ್ಪಗೆ ಇತ್ತು. ಬಾಯಿಗೆ ಬಂದ ನಾಲ್ಕು ಸಲಹೆಗಳನ್ನು ನುಂಗಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ತಿರುಪು ಬಿಚ್ಚಿ, ತಗಡು ಎತ್ತಿ, ಹೊಸ ಗಾಜಿನಿಂದ ಬಂದಿದ್ದ ಬೆರಳುಗುರಿನಷ್ಟು ಅಗಲದ ಪಟ್ಟಿಯ ತುದಿಯನ್ನು ಚಿಮಟದಿಂದ ಎಬ್ಬಿಸಿ, ಕೆಳಗಿನ ಗೂಡಿಗೆ ಸರಿಯಾಗಿ ಹೊಂದಿಸಿ, ಹೆಬ್ಬೆರಳ ತುದಿಯಿಂದ ಮೆತ್ತಗೆ ಒತ್ತಿದಳು. ಟಕ್ ಎಂದಿತು. ನನಗೆ ಕೇಳಿತು, ಅವಳಿಗೆ 'ಟಕ್' ಬೆರಳಲ್ಲಿ ತಿಳಿಯಿತು. ತಗಡು ಕೂಡಿಸಿ ತಿರುಪು ಹಾಕುತ್ತ ಎಣಿಸಿದಳು. ಹತ್ತು. ಹನ್ನೊಂದನೆಯದನ್ನು ಕೌದಿ ಕೊಡವಿ ಹುಡುಕಿದಳು. ಸಿಗಲಿಲ್ಲ. ಅದು ನನ್ನ ಅಂಗಿಯ ಜೇಬಿನಲ್ಲಿ ಸೇರಿಕೊಂಡದ್ದು ಮನೆಗೆ ಬಂದ ಮೇಲೆ ಸರೋಜಾಳಿಗೆ ಸಿಕ್ಕಿತು. ಗೌರಿ ಹೋಗಲಿ ಎಂದು ಕೈ ಕೊಡವಿ, ಮುಚ್ಚಳ ಹಾಕಿ, ಗುಂಡಿ ಒತ್ತಿದಳು.

ಬೆಳಕು ಮೊದಲು ಅವಳ ಗದ್ದಕ್ಕೆ ಬಿತ್ತು, ಆಮೇಲೆ ಮುಖಕ್ಕೆಲ್ಲ. ನಾನು ಹೊರಸಿನಿಂದ ಧುಮುಕಿ ಕುಣಿದೇಬಿಟ್ಟೆ. ಗೌರಿ ಕುಣಿಯಲಿಲ್ಲ. ಗಾಜಿನ ಮೇಲೆ ಬೆರಳಾಡಿಸಿ ಫೋಟೋಗಳೆಲ್ಲ ಇವೆಯೇ ಎಂದು ನೋಡಿದಳು. ಇದ್ದವು. ಮುಖ ತೊಳೆದು, ಮಾವಿನಕಾಯಿ ಬಣ್ಣದ ಇಳಕಲ್ಲ ಸೀರೆ ಉಟ್ಟು ಬಂದಳು. ಫೋನನ್ನು ಜೋಳದ ಡಬ್ಬಿಗೆ ಆನಿಸಿ ಇಟ್ಟು, ನನ್ನನ್ನು ಭುಜ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು.

ನಾಲ್ಕಕ್ಕೆ ಗಾಜಿನ ಮೇಲೆ ಆರು ಚೌಕ ಮೂಡಿದವು, ಆರು ಮುಖ. ಗೌರಿ ಒಂದು ಸಲ ಉಗುಳು ನುಂಗಿದಳು. ಆಮೇಲೆ ಅವಳ ಕೈ ಎದ್ದವು.

ಅಷ್ಟು ವೇಗವಾಗಿ ಅವಳ ಕೈ ಆಡುವುದನ್ನು ನಾನು ಎಂದೂ ನೋಡಿರಲಿಲ್ಲ. ನನ್ನ ಜೊತೆ ಮಾತಾಡುವಾಗ ಅವು ಸಾವಕಾಶ, ಒಂದೊಂದೇ ಪದ. ಇಲ್ಲಿ ಹುಬ್ಬು ಮಾತಾಡುತ್ತಿತ್ತು, ಭುಜ ಮಾತಾಡುತ್ತಿತ್ತು. ಒಂದು ಫೋಟೋ ತೋರಿಸಿ ಮೊಗ್ಗು ಬಿಡಿಸಿದಳು. ಆರೂ ಜನ ಉಸಿರು ಹಿಡಿದು ನೋಡಿದರು. ಏನೋ ಕೇಳಿದರು, ಇವಳು ಏನೋ ಹೇಳಿದಳು, ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಒಂದು ಮಾತೂ ತಿಳಿಯಲಿಲ್ಲ. ಅವರು ನಕ್ಕಾಗ ನಾನೂ ನಕ್ಕೆ, ಆದರೆ ಒಂದು ಗಳಿಗೆ ತಡವಾಗಿ. ಕಾರಣ ಗೊತ್ತಿಲ್ಲದೆ ನಗುವವರ ನಗೆ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯ ಎಷ್ಟೋ ಪಂಕ್ತಿಯಲ್ಲಿ ಗೌರಿಯ ಮುಖದ ಮೇಲೆ ಅದನ್ನು ನೋಡಿದ್ದೇನೆ.

ಮೇಲಿನ ಚೌಕದಲ್ಲಿದ್ದ ಕನ್ನಡಕದ ಹೆಣ್ಣುಮಗಳು ನನ್ನ ಕಡೆ ಬೆರಳು ಮಾಡಿ ಏನೋ ಕೇಳಿದಳು. ಗೌರಿ ನನ್ನನ್ನು ಒಮ್ಮೆ ನೋಡಿ ಚುಟುಕಾಗಿ ಉತ್ತರ ಕೊಟ್ಟಳು. ಆರೂ ಮುಖಗಳು ಸ್ವಲ್ಪ ಓರೆಯಾದವು. ಅಯ್ಯೋ ಪಾಪ ಅನ್ನುವ ಹಾಗೆ ನಕ್ಕರು. ಒಬ್ಬಾಕೆ ನನ್ನ ಕಡೆ ನೋಡಿ ಎರಡೂ ಕೈ ದೊಡ್ಡದಾಗಿ, ಬಹಳ ಸಾವಕಾಶ ಆಡಿಸಿ ಏನೋ ಹೇಳಿದಳು, ಸಣ್ಣ ಮಕ್ಕಳಿಗೆ ಹೇಳುವಂತೆ.

ಏನಂದೆ ಎಂದು ಗೌರಿಯನ್ನು ನಮ್ಮ ಹಳೆಯ ಕೈಮಾತಿನಲ್ಲಿ ಕೇಳಿದೆ. ಅವಳು ನನ್ನ ಕಡೆ ತಿರುಗಿ, ನನಗೆ ತಿಳಿಯಲೆಂದು ನಿಧಾನವಾಗಿ ಹೇಳಿದಳು. ನನ್ನ ಅಣ್ಣ. ಬಹಳ ಒಳ್ಳೆಯವನು. ಮಾತು ಬರುವುದಿಲ್ಲ.

ಬಸ್ಸಿನಲ್ಲಿ, ಮದುವೆಮನೆಯಲ್ಲಿ, ಇವಳನ್ನು ನೋಡಲು ಬಂದ ಬೀಗರ ಮುಂದೆ, ಜೀವನದುದ್ದಕ್ಕೂ ನಾನು ಅವಳ ಪರಿಚಯ ಮಾಡಿಕೊಟ್ಟದ್ದು ಇದೇ ಮೂರು ಮಾತಿನಲ್ಲಿ. "ನಮ್ಮ ತಂಗಿರೀ. ಭಾಳ ಚಲೋ ಹುಡುಗಿ. ಮಾತು ಬರೂದಿಲ್ಲ." ಅವಳು ಪಕ್ಕದಲ್ಲೇ ನಿಂತಿರುತ್ತಿದ್ದಳು. ಗೌರಿ ಚುಚ್ಚಿ ಹೇಳಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು. ಆಗಲೇ ಗಾಜಿನ ಕಡೆ ತಿರುಗಿ ಮುಂದಿನ ಹೂವಿನ ಮಾತಿಗೆ ಹೋಗಿದ್ದಳು. ನಾನು ಕುರ್ಚಿಯನ್ನು ಸದ್ದಾಗದಂತೆ ಹತ್ತಿರಕ್ಕೆ ಎಳೆದುಕೊಂಡೆ. ಗಡಿಯಾರದಲ್ಲಿ ಐದಾಗುವವರೆಗೂ ಅವಳು ಮಾತಾಡಿದಳು, ನಾನು ಕೇಳಿದೆ.